ಭಜನೆಯವರ ಸರದಿ

ಹೋದ ವಾರ ಒಬ್ಬ ಹೆಂಗಸು ತನ್ನ ತಾಯಿಯ ಹಳೆಯ ರವಿಕೆಗಳನ್ನು ತಂದು, ಒಂದಿಷ್ಟು ಸಡಿಲ ಮಾಡಿಕೊಡಿ ಎಂದು ಮೇಜಿನ ಮೇಲಿಟ್ಟು ಹೋದಳು. ರಾಮನಗರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಇಂಥ ಕೆಲಸ ದಿನಾ ಬರುತ್ತದೆ. ಹೊಲಿಗೆ ಬಿಚ್ಚಲು ರವಿಕೆಯನ್ನು ಕಣ್ಣಿನ ಹತ್ತಿರ ತಂದಾಗ ಕರ್ಪೂರ ಹಾಕಿ ಕಾಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಒಗೆದ ಬಟ್ಟೆಯೇ. ಆದರೂ ಆ ವಾಸನೆ ನೂಲಿಗೆ ಹಿಡಿದರೆ ಹೋಗುವುದಿಲ್ಲ. ಒಂದು ವರ್ಷ ದೀಪಾವಳಿಯಿಂದ ರಾಮನವಮಿಯವರೆಗೆ ನನ್ನ ಮೈಯಿಂದಲೂ ಅದೇ ವಾಸನೆ ಬರುತ್ತಿತ್ತು. ಗಾರ್ಮೆಂಟ್ಸಿನಲ್ಲಿ ಪಕ್ಕದ ಮೆಷಿನಿನವಳು, “ನೀನೇನು ದಿನಾ ದೇವಸ್ಥಾನದಿಂದ ಬತ್ತೀಯ?” ಎಂದು ಕೇಳುತ್ತಿದ್ದಳು. ಒಂದು ಲೆಕ್ಕದಲ್ಲಿ ಅವಳು ಹೇಳಿದ್ದು ಸರಿಯಾಗೇ ಇತ್ತು.

ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮೂರು ಕೈಲಾಂಚದಿಂದ ಒಳಗೆ, ಹಿಪ್ಪುನೇರಳೆ ತೋಟಗಳ ನಡುವೆ ಹೋಗುವ ಒಂದು ಕಿರಿದಾದ ದಾರಿಯ ಕೊನೆಯಲ್ಲಿದೆ. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದು ನಿಲ್ಲುತ್ತಿದ್ದ ಕಾಲ. ಮೊದಲು ಗಂಡಸರಲ್ಲಿ ಕೆಲವರು ಹೋದರು. ಆಮೇಲೆ ಗಾರ್ಮೆಂಟ್ಸಿನ ಬಸ್ಸು ಊರ ಅರಳಿಕಟ್ಟೆಯ ತನಕ ಬರತೊಡಗಿತು, ಹೆಂಗಸರು ಹೋದರು. ಮೊದಲ ವರ್ಷ ಬಸ್ಸಿನಲ್ಲಿ ಕಾಲು ಚಾಚಿ ಕೂರಬಹುದಿತ್ತು, ಮರುವರ್ಷ ನಿಲ್ಲಲು ಜಾಗವಿರಲಿಲ್ಲ. ಎಲೆ ಬಿಡಿಸಿ, ರೇಷ್ಮೆ ಹುಳಕ್ಕೆ ಹಾಕಿ, ತಟ್ಟೆ ಬದಲಾಯಿಸುತ್ತಿದ್ದ ಕೈಗಳೆಲ್ಲ ಬೆಳಿಗ್ಗೆ ಏಳು ಗಂಟೆಗೆ ಬಸ್ಸು ಹತ್ತಿ ಹೋಗುತ್ತಿದ್ದವು. ಹಗಲು ಊರಿನಲ್ಲಿ ಉಳಿಯುತ್ತಿದ್ದವರು ಮುದುಕರು, ಮುದುಕಿಯರು, ಕಟ್ಟಿದ ದನ.

ನಾನು ಪಿಯುಸಿ ಮುಗಿಸಿ ಮದುವೆಯಾಗಿ ಆ ಮನೆಗೆ ಬಂದವಳು. ಗಂಡ ರಾಜಣ್ಣನಿಗೆ ಬಿಡದಿಯಲ್ಲಿ ಕೆಲಸ. ನಾನೂ ಹೊರಡಲು ಶುರುಮಾಡಿದ ಮೇಲೆ ನಮ್ಮ ಹುಳದ ಮನೆಗೆ ಬೀಗ ಬಿತ್ತು. ಮನೆಯಲ್ಲಿದ್ದವರು ಅತ್ತೆ ದೊಡ್ಡತಾಯಮ್ಮ ಒಬ್ಬರೇ. ಅವರಿಗೂ ನನಗೂ ಅಂಥ ಪ್ರೀತಿಯೇನೂ ಇರಲಿಲ್ಲ, ಜಗಳವೂ ಇರಲಿಲ್ಲ. ಮಾತು ಕಡಿಮೆ. ಸಾರಿಗೆ ಉಪ್ಪು ಕಡಿಮೆಯಾದರೆ ಅವರು ಹೇಳುತ್ತಿರಲಿಲ್ಲ, ತಾವೇ ಎದ್ದು ಹಾಕಿಕೊಳ್ಳುತ್ತಿದ್ದರು. ಅದು ಬೈಗುಳಕ್ಕಿಂತ ಜೋರಾಗಿ ಕೇಳುತ್ತಿತ್ತು.

ಆ ವರ್ಷ ಮಳೆ ದಸರಾ ಕಳೆದ ಮೇಲೂ ಬಿಡಲಿಲ್ಲ. ದೀಪಾವಳಿಗೆ ಸ್ವಲ್ಪ ಮುಂಚೆ ಅತ್ತೆ ಹುಳದ ಮನೆಯ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದರು. ಬಾಗಿಲು ಹಾಕಿದ ಮನೆಗೆ ಯಾಕೆ ಹೋಗಿದ್ದರೋ ಗೊತ್ತಿಲ್ಲ. ತೊಡೆಯ ಮೂಳೆ ಮುರಿದಿತ್ತು. ಬೆಂಗಳೂರಿಗೆ ಕರೆದುಕೊಂಡು ಹೋಗಿ ರಾಡ್ ಹಾಕಿಸಿಕೊಂಡು ಬಂದೆವು. ಮಲಗಿಯೇ ಇರಬೇಕು, ಆಮೇಲೆ ನಿಧಾನಕ್ಕೆ ನಡೆಸಿ ಎಂದು ಡಾಕ್ಟರು ಹೇಳಿದರು. ಯಾರು ನಡೆಸಬೇಕು ಎಂಬುದನ್ನು ಹೇಳಲಿಲ್ಲ.

ನನ್ನ ರಜೆ ಮುಗಿಯಿತು. ಫ್ಯಾಕ್ಟರಿಯ ಸೂಪರ್‌ವೈಸರ್ ಕೆಟ್ಟವನಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಸೋಮವಾರ ಬಂದರೆ ಮೆಷಿನ್ ನಿನ್ನದು, ಬರದಿದ್ದರೆ ಆ ಜಾಗದಲ್ಲಿ ಬೇರೆಯವಳು ಕೂತಿರುತ್ತಾಳೆ. ಚನ್ನಪಟ್ಟಣದಿಂದ ನಾದಿನಿ ಬಂದು, ಅವ್ವನನ್ನು ನಾನು ಕರೆದುಕೊಂಡು ಹೋಗುತ್ತೇನೆ ಎಂದಳು. ಅವಳು ಮನಸಾರೆ ಹೇಳಿದ ಮಾತು. ಅತ್ತೆ ಒಪ್ಪಲಿಲ್ಲ.

“ಮಗಳ ಮನೆಗೆ ಹಬ್ಬಕ್ಕೆ ಹೋಗ್ಬೇಕು ಕಣಮ್ಮಿ. ಹೇಲು ಉಚ್ಚೆಗೆ ಹೋಗ್ಬಾರ್ದು.”

“ಹಂಗಂದ್ರೆ ಇಲ್ಲಿ ಯಾರವ್ವ ನೋಡೋರು? ಸಾವಿತ್ರಿ ಕೆಲ್ಸ ಬುಡ್ಬೇಕಾ?”

“ನಾನೇನ್ ಬುಡು ಅಂದ್ನಾ? ಬಾಗ್ಲು ಎಳ್ಕೊಂಡು ಹೋಗ್ಲಿ. ನಾನು ಇಲ್ಲೇ ಇರ್ತೀನಿ.”

ರಾಜಣ್ಣ, ಕನಕಪುರದ ಕಡೆ ಮಠದವರು ನಡೆಸುವ ಒಂದು ಆಶ್ರಮವಿದೆಯಂತೆ, ಒಂದೆರಡು ತಿಂಗಳ ಮಟ್ಟಿಗೆ, ಎಂದು ಮಾತು ತೆಗೆದ. ಅತ್ತೆ ಗೋಡೆಯ ಕಡೆಗೆ ಮುಖ ಮಾಡಿದರು. ಅವತ್ತು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಕಾಫಿಯನ್ನೂ ಮುಟ್ಟಲಿಲ್ಲ.

ಅದು ಶನಿವಾರ. ನಮ್ಮೂರಿನ ಭಜನೆ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ರಾಮನ ಭಜನೆ. ಹಾಡುವವರು, ಬಾರಿಸುವವರು ಎಲ್ಲ ಗಂಡಸರೇ, ಅದರಲ್ಲೂ ಬಹುಪಾಲು ವಯಸ್ಸಾದವರು. ಹೆಂಗಸರು ಹೊರಗೆ ಜಗಲಿಯ ಮೇಲೆ ಕೂತು ಕೇಳುವುದು ರೂಢಿ. ಅತ್ತೆ ಒಂದು ಶನಿವಾರವನ್ನೂ ತಪ್ಪಿಸಿದವರಲ್ಲ. ಮೂಲೆಯ ಕಂಬಕ್ಕೆ ಒರಗಿ ಕೂತು, ಮಂಗಳಾರತಿಯಾದ ಮೇಲೆ ಯಾರ ಜೊತೆಗೂ ಮಾತಾಡದೆ ಎದ್ದು ಬರುತ್ತಿದ್ದರು. ಹಾರ್ಮೋನಿಯಂ ಬಾರಿಸುವವರು ಗುರುಸಿದ್ದಪ್ಪ. ಲಿಂಗಾಯತರು. ಭಜನೆ ಮನೆಯ ಪಕ್ಕದಲ್ಲೇ ಅವರ ದಿನಸಿ ಅಂಗಡಿ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ರಾಮನ ಮುಂದೆ ಕೂರುತ್ತಿದ್ದರು. ಕೇಳಿದರೆ, “ಶಿವ ಬೇಡ ಅಂದಿಲ್ಲ, ರಾಮ ಬರ್ಬೇಡ ಅಂದಿಲ್ಲ,” ಎನ್ನುತ್ತಿದ್ದರು. ಆ ಸಂಜೆ ಭಜನೆಗೆ ಮುಂಚೆ ಅವರು ನಮ್ಮ ಮನೆಗೆ ಬಂದು, ಅತ್ತೆಯ ಮಂಚದ ಪಕ್ಕ ಒಂದು ಗಳಿಗೆ ನಿಂತು, ಆಮೇಲೆ ನನ್ನನ್ನು ಹಿತ್ತಲಿಗೆ ಕರೆದರು.

“ಸಾವಿತ್ರವ್ವ, ನೀನು ಕೆಲ್ಸ ಬುಡ್ಬೇಡ. ಹಗಲೊತ್ತು ನಾವು ನೋಡ್ಕತೀವಿ.”

“ನಾವು ಅಂದ್ರೆ ಯಾರಣ್ಣ?”

“ಭಜನೆಯೋರು.”

ನನಗೆ ನಗು ಬಂತು. ಭಜನೆಯವರೆಂದರೆ ಸ್ವಂತ ಮನೆಯಲ್ಲಿ ಕುಡಿಯುವ ನೀರನ್ನೂ ಕೈಯಾರೆ ತೆಗೆದುಕೊಳ್ಳದ ಜನ.

“ಅವ್ರಿಗೇನು ಗೊತ್ತಣ್ಣ, ಕಾಯಿಲೆಯೋರ್ನ ನೋಡಾಕೆ?”

“ಏನೂ ಗೊತ್ತಿಲ್ಲ,” ಎಂದರು ಗುರುಸಿದ್ದಪ್ಪ. “ಕೂತ್ಕಳಾದು ಗೊತ್ತು. ಇಷ್ಟು ವರ್ಸ ರಾಮನ ಮುಂದೆ ಕೂತವ್ರೆ, ಒಂದು ಮುದುಕಿ ಮುಂದೆ ಕೂತ್ಕಳಕ್ಕಾಗಲ್ವ?”

ಅವತ್ತಿನ ಭಜನೆ ಮುಗಿದ ಮೇಲೆ ಅವರು ಈ ಮಾತನ್ನು ಎಲ್ಲರ ಮುಂದೆ ಇಟ್ಟರಂತೆ. ಕಾರ್ತಿಕ ಮಾಸದಲ್ಲಿ ಮನೆಮನೆಯಿಂದ ದೀಪದೆಣ್ಣೆ ಎತ್ತುವುದು ನಮ್ಮಲ್ಲಿ ವಾಡಿಕೆ. ಈ ಸಲ ಆ ಎಣ್ಣೆಯಲ್ಲಿ ಸ್ವಲ್ಪ ದೊಡ್ಡತಾಯಮ್ಮನ ಕಾಲಿಗೂ ಹೋಗಲಿ, ಕಾರ್ತಿಕದಿಂದ ರಾಮನವಮಿಯವರೆಗೆ ದಿನಕ್ಕೊಬ್ಬರಂತೆ ಅವರ ಮನೆಗೆ ಸರದಿ, ಇದೇ ಈ ವರ್ಷದ ಹರಕೆ ಎಂದರಂತೆ. ಒಬ್ಬರು, ದೇವರ ಎಣ್ಣೆಯನ್ನು ಕಾಲಿಗೆ ತಿಕ್ಕುವುದೇ ಎಂದು ಕೇಳಿದರು. ಅದಕ್ಕೆ ಗುರುಸಿದ್ದಪ್ಪ, “ದೀಪಕ್ಕೆ ಹಾಕಿದ್ರೆ ಉರಿದೋಯ್ತದೆ, ಕಾಲಿಗೆ ಹಚ್ಚಿದ್ರೆ ನಡೀತದೆ. ಯಾವುದು ದೇವ್ರಿಗೆ ಇಷ್ಟವೋ ನನಗೊತ್ತಿಲ್ಲ,” ಎಂದರಂತೆ. ಕರ್ಪೂರವನ್ನೂ ಅಲ್ಲಿಂದಲೇ ಕೊಟ್ಟರು. ನಾನು ಮನೆಯಲ್ಲಿ ಆ ಕೊಬ್ಬರಿ ಎಣ್ಣೆಗೆ ಹಾಕಿ ಕಾಸಿ, ಬೆಳಿಗ್ಗೆ ಸಂಜೆ ಅತ್ತೆಯ ಪಾದಕ್ಕೆ, ಸೊಂಟಕ್ಕೆ ಹಚ್ಚುತ್ತಿದ್ದೆ.

ಹೀಗೆ ನಾನು ಸೋಮವಾರ ಬಸ್ಸು ಹತ್ತಿದೆ. ಬೆಳಕು ಹರಿಯುವ ಮುಂಚೆ ಅತ್ತೆಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಹೊರಡುತ್ತಿದ್ದೆ. ಹೆಂಗಸರೇ ಮಾಡಬೇಕಾದ ಕೆಲಸಕ್ಕೆ ಮಧ್ಯಾಹ್ನ ಗುರುಸಿದ್ದಪ್ಪನವರ ಹೆಂಡತಿ ಪಾರ್ವತಮ್ಮ ಬರುತ್ತಿದ್ದರು. ಉಳಿದ ಹೊತ್ತೆಲ್ಲ ಭಜನೆಯವರು.

ಸರದಿಯಲ್ಲಿ ಒಂದು ತೊಡಕಿತ್ತು. ಬುಧವಾರ ತಿಮ್ಮೇಗೌಡರ ಪಾಲಿಗೆ ಬಂದಿತ್ತು.

ತಿಮ್ಮೇಗೌಡರು ಭಜನೆಯಲ್ಲಿ ತಾಳ ಹಾಕುವವರು. ಅವರ ಹೊಲಕ್ಕೂ ನಮ್ಮ ಹೊಲಕ್ಕೂ ಒಂದೇ ಬದು. ಬದುವಿನ ಮೇಲೆ ಒಂದು ಹುಣಸೆಮರವಿತ್ತು. ಅದು ಯಾರದು ಎಂದು ಅವರಿಗೂ ನನ್ನ ಮಾವ ಹೊಂಬೇಗೌಡರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದಿತ್ತು. ನಾನು ಮದುವೆಯಾಗಿ ಬರುವ ಮುಂಚೆಯೇ ಮಾವ ಎದೆನೋವಿನಿಂದ ತೀರಿಕೊಂಡಿದ್ದರು. ಹೆಣ ಎತ್ತುವ ದಿನ ಊರಿನ ಪ್ರತಿ ಮನೆಯಿಂದ ಜನ ಬಂದರು. ತಿಮ್ಮೇಗೌಡರ ಮನೆಯಿಂದ ಯಾರೂ ಬರಲಿಲ್ಲ. ನಮ್ಮ ಕಡೆ ಯಾವ ಹಗೆಯಿದ್ದರೂ ಸಾವಿಗೆ ಹೆಗಲು ಕೊಡದೆ ಇರುವುದಿಲ್ಲ. ಅತ್ತೆ ಅದನ್ನು ಮರೆತಿರಲಿಲ್ಲ. ಆಮೇಲೆ ಆ ಮನುಷ್ಯ ಎದುರಿಗೆ ಬಂದರೆ ಸೆರಗು ಮುಖಕ್ಕೆ ಎಳೆದುಕೊಂಡು ದಾಟುತ್ತಿದ್ದರು.

ನಾನು ಗುರುಸಿದ್ದಪ್ಪನವರಿಗೆ ಹೇಳಿದೆ, ಅವರೊಬ್ಬರು ಬೇಡ ಎಂದು.

“ಭಜನೆಗೆ ಕೂತೋರೆಲ್ಲ ಬರ್ಬೇಕು ಕಣವ್ವ. ಒಬ್ಬನ್ನ ಬುಟ್ರೆ ನಾಳೆ ಇನ್ನೊಬ್ಬ ನೆಪ ಹೇಳ್ತಾನೆ. ಅವ್ನೇ ಬರಾಕಿಲ್ಲ ಅನ್ಲಿ, ಬುಡಾಣ.”

ತಿಮ್ಮೇಗೌಡರು ಬರುವುದಿಲ್ಲ ಎನ್ನಲಿಲ್ಲ. ಮೊದಲ ಬುಧವಾರ ಬಂದು, ಜಗಲಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತರು. ಸಂಜೆಯವರೆಗೆ ಒಂದು ಮಾತಿಲ್ಲ. ಹೋಗುವಾಗ ಕೆತ್ತಿದ ಒಂದು ಎಳನೀರನ್ನು ಹೊಸ್ತಿಲ ಪಕ್ಕ ಇಟ್ಟು ಹೋದರು. ನಾನು ಬಂದಾಗ ಅತ್ತೆ ಅದನ್ನು ಕಣ್ಣಲ್ಲೇ ತೋರಿಸಿ, “ಅದ್ನ ಎಮ್ಮೆಗೆ ಹುಯ್ಯಿ,” ಎಂದರು. ಮುಂದಿನ ಬುಧವಾರವೂ ಎಳನೀರು ಬಂತು, ಅದರ ಮುಂದಿನ ಬುಧವಾರವೂ. ಆ ಚಳಿಗಾಲದಲ್ಲಿ ನಮ್ಮ ಎಮ್ಮೆ ಕುಡಿದಷ್ಟು ಎಳನೀರನ್ನು ಊರಿನಲ್ಲಿ ಯಾವ ಬಸುರಿಯೂ ಕುಡಿದಿರಲಿಕ್ಕಿಲ್ಲ.

ಮಿಕ್ಕವರಿಗೂ ಮೊದಮೊದಲು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಒಬ್ಬರು ಬಂದು ಕೂತು ನಿದ್ದೆ ಮಾಡಿ ಹೋಗುತ್ತಿದ್ದರು. ಇನ್ನೊಬ್ಬರು ಮುದುಕಿಗೆ ಬೇಜಾರಾಗಬಾರದೆಂದು ತಮ್ಮ ಮನೆಯ ಜಗಳಗಳನ್ನೆಲ್ಲ ಹೇಳುತ್ತಿದ್ದರು. ಗುರುಸಿದ್ದಪ್ಪ ಒಂದು ಶನಿವಾರ ಭಜನೆಯನ್ನೇ ನಮ್ಮ ನಡುಮನೆಗೆ ತಂದರು. ಹಾರ್ಮೋನಿಯಂ, ಮೃದಂಗ, ತಾಳ ಎಲ್ಲ ಸೇರಿ ಶುರುವಾದಾಗ ಸೂರಿನ ಧೂಳು ಉದುರಿತು. ಎರಡು ಹಾಡು ಮುಗಿಯುವವರೆಗೆ ಅತ್ತೆ ತಡೆದುಕೊಂಡರು.

“ಗುರುಸಿದ್ದಪ್ಪ, ನನ್ ಕಾಲು ಮುರಿದಿರಾದು. ಕಿವಿ ನೆಟ್ಟಗೈತೆ. ಒಸಿ ಮೆತ್ತಗೆ ಹಾಡು.”

ಎಲ್ಲರೂ ನಕ್ಕರು. ತಾಳ ಹಾಕುತ್ತಿದ್ದ ತಿಮ್ಮೇಗೌಡರು ಮಾತ್ರ ಬಾಗಿಲ ಹೊರಗಿದ್ದರು. ಅವರು ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ.

ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಬದಲಾವಣೆ ಕಂಡಿತು. ಮಾರ್ಗಶಿರದ ಚಳಿ ಬಿತ್ತು, ಹೊಲಗಳಲ್ಲಿ ಅವರೆಕಾಯಿ ಬಲಿಯಿತು, ಊರೆಲ್ಲ ಅದರ ಸೊಗಡು. ಸುಮ್ಮನೆ ಕೂತ ಗಂಡಸರನ್ನು ನೋಡಿ ಅತ್ತೆಗೆ ತಡೆಯಲಾಗಲಿಲ್ಲವೋ ಏನೋ, ಒಂದು ದಿನ ಸರದಿಗೆ ಬಂದವರ ಮುಂದೆ ಅವರೆಕಾಯಿಯ ಮಂಕರಿ ಇಡಿಸಿದರು. ಸಂಜೆ ನಾನು ಬಂದಾಗ ಕಾಳೆಲ್ಲ ಬಿಡಿಸಿ ಆಗಿತ್ತು. ಮರುದಿನದವರು ನೆನೆಸಿದ ಕಾಳನ್ನು ಹಿಸುಕಿ ಬೇಳೆ ಮಾಡಿದರು. ಬೆಳಿಗ್ಗೆ ಬಸ್ಸಿಗೆ ಓಡುವ ಹೆಂಗಸರು ದಾರಿಯಲ್ಲಿ ತಮ್ಮ ಮನೆಯ ಅವರೆಕಾಯಿಯನ್ನೂ ನಮ್ಮ ಜಗಲಿಯ ಮೇಲೆ ಸುರಿದು ಹೋಗತೊಡಗಿದರು. ಸಂಜೆ ಹಿಂದಿರುಗುವಾಗ ಹಿತಕಿದ ಬೇಳೆ ಪಾತ್ರೆಯಲ್ಲಿ ಸಿದ್ಧವಾಗಿರುತ್ತಿತ್ತು. ಸರದಿ ಒಬ್ಬರದಾದರೂ ಈಗ ಮೂರು ನಾಲ್ಕು ಜನ ಬರುತ್ತಿದ್ದರು. ತಮ್ಮ ಮನೆಯಲ್ಲಿ ಕಡ್ಡಿ ಆಚೀಚೆ ಮಾಡದವರು ಇಲ್ಲಿ ಮಂಚದ ಸುತ್ತ ಕೂತು, ಅತ್ತೆ ಬೈದಂತೆಲ್ಲ ಬೇಗ ಬೇಗ ಹಿಸುಕುತ್ತಿದ್ದರು.

ಮಂಚ ಕಿಟಕಿಯ ಪಕ್ಕ ಇತ್ತು. ಅತ್ತೆಗೆ ಅಲ್ಲಿಂದ ಊರು ಕಾಣುತ್ತಿತ್ತು. ಬೀದಿಯ ಕೊನೆಯ ತಿರುವಿನಲ್ಲಿ ನಿಂಗಮ್ಮನ ಮನೆ. ಮಕ್ಕಳಿಲ್ಲದ ವಿಧವೆ, ಕಣ್ಣು ಮಂಜಾಗಿತ್ತು, ಒಬ್ಬರೇ ಇದ್ದರು. ಒಂದು ಬೆಳಿಗ್ಗೆ ಅತ್ತೆ ಸರದಿಯವರಿಗೆ, “ನಿಂಗಮ್ಮನ ಮನೆ ಮೇಲೆ ಹೊಗೆ ಕಾಣಾಕಿಲ್ಲ. ನಿನ್ನೇನೂ ಇರ್ಲಿಲ್ಲ. ಒಸಿ ಹೋಗ್ನೋಡು,” ಎಂದರು. ನೋಡಿದರೆ ನಿಂಗಮ್ಮ ಜ್ವರದಲ್ಲಿ ಮಲಗಿದ್ದರು, ಒಲೆ ಹಚ್ಚಿರಲಿಲ್ಲ. ಆವತ್ತಿನಿಂದ ನಮ್ಮ ಮನೆಯ ಗಂಜಿಯಲ್ಲಿ ಒಂದು ಪಾಲು ಆ ಮನೆಗೆ ಹೋಗತೊಡಗಿತು. ಆಮೇಲೆ ಅತ್ತೆ ಹೆಸರು ಹಿಡಿದು ಕಳಿಸುತ್ತಿದ್ದರು, ಇವರು ಅಲ್ಲಿಗೆ ಹೋಗಿ, ಅವರು ಇಲ್ಲಿಗೆ ಹೋಗಿ ಎಂದು. ನೋಡಿಕೊಳ್ಳಲು ಬಂದವರನ್ನು ಅವರೇ ಕೆಲಸಕ್ಕೆ ಹಚ್ಚಿದ್ದರು. ಮಲಗಿದ್ದಲ್ಲೇ ಅವರ ದನಿ ಗಟ್ಟಿಯಾಗಿತ್ತು. ನನಗೆ ಅವರು ಹೀಗೆ ಮಾತಾಡಬಲ್ಲರು ಎಂದೇ ಗೊತ್ತಿರಲಿಲ್ಲ.

ಬುಧವಾರ ಮಾತ್ರ ಹಾಗೇ ಇತ್ತು. ಬುಧವಾರ ಬೇರೆಯವರಾರೂ ಬರುತ್ತಿರಲಿಲ್ಲ. ಆ ಮನೆಯಲ್ಲಿ ಅವತ್ತು ಉಸಿರು ಕಟ್ಟುತ್ತದೆ ಎಂದು ಅವರಿಗೂ ಗೊತ್ತಿತ್ತು. ಜಗಲಿಯ ಮೇಲೆ ಒಂದು ಬೆನ್ನು, ಒಳಗೆ ಕಿಟಕಿಯ ಕಡೆ ತಿರುಗಿದ ಒಂದು ಮುಖ.

ಸಂಕ್ರಾಂತಿ ಹತ್ತಿರವಿರುವಾಗ, ರಾಗಿ ಬಡಿಯುವ ಕಾಲದ ಒಂದು ಬುಧವಾರ ಅದು ನಡೆದದ್ದು. ಹಗಲು ಊರಿನಲ್ಲಿ ಉಳಿಯುತ್ತಿದ್ದ ಜನವೆಲ್ಲ ಊರಾಚೆ ಕಣಗಳಲ್ಲಿದ್ದರು. ಪಾರ್ವತಮ್ಮ ಮಾಗಡಿಗೆ ನೆಂಟರ ಮನೆಗೆ ಹೋಗಿದ್ದರು. ನಾನು ಎಂದಿನಂತೆ ಸಂಜೆ ಬಸ್ಸಿಳಿದು ಬಂದೆ. ಜಗಲಿ ಖಾಲಿ. ಬಾಗಿಲು ತೆರೆದಿತ್ತು, ದೀಪ ಹಾಕಿರಲಿಲ್ಲ. ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ.

ಅತ್ತೆ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದರು. ಬೆನ್ನ ಹಿಂದೆ ದಿಂಬು, ಕಾಲ ಮೇಲೆ ಕಂಬಳಿ. ಸ್ವಲ್ಪ ದೂರದಲ್ಲಿ ಅದೇ ಗೋಡೆಗೆ ಒರಗಿ, ಕಾಲು ಚಾಚಿ ತಿಮ್ಮೇಗೌಡರು ಕೂತಿದ್ದರು. ಇಬ್ಬರ ನಡುವೆ ಒಂದು ಎಳನೀರಿನ ಬುರುಡೆ ಬಿದ್ದಿತ್ತು. ಖಾಲಿಯಾಗಿತ್ತು.

“ಬಂದ್ಯಾ ತಾಯಿ,” ಎಂದರು ತಿಮ್ಮೇಗೌಡರು. “ಮೊದ್ಲು ಅತ್ತಿಗೆನ ಎತ್ತು. ಆಮೇಲೆ ನನಗೂ ಒಸಿ ಕೈ ಕೊಡು. ಮಂಡಿ ಹಿಡ್ಕಂಬುಟ್ಟೈತೆ, ಏಳಾಕಾಗಲ್ಲ.”

ನಾನು ಪಕ್ಕದ ಮನೆಯವಳನ್ನು ಕೂಗಿ, ಇಬ್ಬರೂ ಸೇರಿ ಅತ್ತೆಯನ್ನು ಮಂಚಕ್ಕೆ ಏರಿಸಿದೆವು. ಸೀರೆ ಒದ್ದೆಯಾಗಿತ್ತು. ಬದಲಿಸಿದೆ. ಕಾಲಿಗೆ ಏನೂ ಆಗಿರಲಿಲ್ಲ. ತಿಮ್ಮೇಗೌಡರನ್ನು ಎಬ್ಬಿಸಿ ನಿಲ್ಲಿಸಿದಾಗ ಅವರು ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತು, ಟವೆಲ್ ಹೆಗಲಿಗೆ ಹಾಕಿಕೊಂಡು ಕುಂಟುತ್ತ ಹೋದರು.

ಅದಾಗಿ ಕೆಲವು ದಿನಗಳ ಮೇಲೆ, ಒಂದು ಭಾನುವಾರ, ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಅವರಾಗಿಯೇ ಮಾತು ತೆಗೆದರು.

ನಿಂಗಮ್ಮನ ಮನೆಯ ಕಡೆ ನೋಡಲೆಂದು ಕಿಟಕಿಯ ಸರಳು ಹಿಡಿದು ಏಳಲು ಹೋಗಿ ಜಾರಿದರಂತೆ. ಸದ್ದು ಕೇಳಿ ತಿಮ್ಮೇಗೌಡರು ಒಳಗೆ ಬಂದರು. ಇಷ್ಟು ದಿನಗಳಲ್ಲಿ ಹೊಸ್ತಿಲು ದಾಟಿದ್ದು ಅದೇ ಮೊದಲು. ಅತ್ತೆ, “ಮುಟ್ಬೇಡ,” ಎಂದರು. ಅವರು ಬೀದಿಗೆ ಹೋಗಿ ಕೂಗಿದರು, ಯಾರೂ ಇರಲಿಲ್ಲ. ಮತ್ತೆ ಒಳಗೆ ಬಂದರು.

“ಮುಟ್ಟಾಕಿಲ್ಲ,” ಎಂದರಂತೆ. “ಆದ್ರೆ ಬುಟ್ಟು ಹೋಗಾಕೂ ಇಲ್ಲ.” ದಿಂಬನ್ನೂ ಕಂಬಳಿಯನ್ನೂ ಕೈಗೆಟುಕುವಂತೆ ಸರಿಸಿ, ತಂದಿದ್ದ ಎಳನೀರನ್ನು ಪಕ್ಕಕ್ಕಿಟ್ಟುಕೊಂಡು ತಾವೂ ನೆಲಕ್ಕೆ ಕೂತರು. ಕೂತ ಮೇಲೆ ಅವರಿಗೂ ಏಳಲಾಗಲಿಲ್ಲ.

“ಆಮೇಲೆ?” ಎಂದೆ.

“ಆಮೇಲೇನು. ಹೊತ್ತು ಏರ್ತು. ನಂಗೆ ತಡ್ಕಳಾಕಾಗ್ಲಿಲ್ಲ. ಅವ್ನ ಎದುರಿಗೇ ಎಲ್ಲಾ ಆಗೋಯ್ತು. ಅವ್ನು ಆ ಕಡೆ ತಿರುಗ್ಕಂಡು ರಾಮನಾಮ ಹೇಳ್ತಾ ಕೂತ. ಮಾನ ಅನ್ನೋದು ಹೋದ್ಮೇಲೆ ಮಾತಾಡಾಕೇನು ಕಣಮ್ಮಿ. ಕೇಳ್ಬುಟ್ಟೆ.”

“ಏನು ಕೇಳಿದ್ರಿ ಅತ್ತೆ?”

“ಅವತ್ತು ಯಾಕೆ ಬರ್ಲಿಲ್ಲ ಅಂತ.”

ನಾನು ಎಣ್ಣೆಯ ಬಟ್ಟಲು ಕೆಳಗಿಟ್ಟೆ. ಅತ್ತೆ ಸೂರು ನೋಡುತ್ತ ಹೇಳಿದರು. ಮಾವ ಸಾಯುವ ಹಿಂದಿನ ದಿನ ಹುಣಸೆಮರದ ಕೆಳಗೆ ಇಬ್ಬರಿಗೂ ಜೋರು ಮಾತಾಗಿತ್ತಂತೆ. ಸಿಟ್ಟಿನಲ್ಲಿ ತಿಮ್ಮೇಗೌಡರು ಒಂದು ಹಿಡಿ ಮಣ್ಣು ತೂರಿ, ನಾಳೆ ನಿನ್ನ ಬಾಯಿಗೆ ಇದೇ ಬೀಳಲಿ ಎಂದುಬಿಟ್ಟರು. ಮರುದಿನ ಬೆಳಿಗ್ಗೆ ಊರಿನಲ್ಲಿ ತಮಟೆ ಕೇಳಿಸಿತು. ತನ್ನ ಮಾತಿನಿಂದಲೇ ಹೊಂಬೇಗೌಡ ಸತ್ತ ಎಂದು ಅವರಿಗೆ ಅನ್ನಿಸಿಬಿಟ್ಟಿತು. ಬಾಗಿಲು ಹಾಕಿಕೊಂಡು ಒಳಗೆ ಕೂತರು. ಹೆಣ ಅವರ ಮನೆಯ ಮುಂದೆಯೇ ಹೋಯಿತು. ಮಣ್ಣು ಹಾಕಬೇಕಾದ ಕೈಯಿಂದ ಹಿಂದಿನ ದಿನವೇ ಹಾಕಿದ್ದೆನಲ್ಲ, ಇನ್ನು ಹ್ಯಾಗೆ ಬರಲಿ ಅತ್ತಿಗೆ, ಎಂದರಂತೆ. ಅಷ್ಟು ವರ್ಷ ಅದನ್ನು ಹೆಂಡತಿಗೂ ಹೇಳಿರಲಿಲ್ಲವಂತೆ. ಆ ಸಾವಾದ ಮೇಲೇ ಅವರು ಭಜನೆಗೆ ಸೇರಿದ್ದು.

“ನೀವೇನಂದ್ರಿ?”

“ನಿನ್ ಬಾಯಿಗೆ ಅಷ್ಟು ಸಕ್ತಿ ಇದ್ದಿದ್ರೆ ಬರ ಬಿದ್ದಾಗ ಒಸಿ ಮಳೆನಾದ್ರೂ ಬರಿಸ್ಬೋದಿತ್ತಲ್ಲಲಾ ಅಂದೆ.” ಅತ್ತೆ ಕಾಲ ಮೇಲಿನ ಸೀರೆ ಸರಿಮಾಡಿಕೊಂಡರು. “ನಿಮ್ ಮಾವನಿಗೆ ಆರು ತಿಂಗಳಿಂದ್ಲೂ ಎದೆ ನೋವಿತ್ತು. ಯಾರ್ಗೂ ಹೇಳ್ಬೇಡ ಅಂದಿದ್ದ. ನಾನೂ ಹೇಳ್ಲಿಲ್ಲ. ಅದ್ನೂ ಅವ್ನಿಗೆ ಹೇಳ್ದೆ. ಅತ್ತ. ಅಳ್ಲಿ ಅಂತ ಬುಟ್ಟೆ. ಬಾಯಿ ಒಣಗಿತ್ತು, ಆ ಎಳನೀರು ಕೊಡು ಅಂದೆ.”

ಅಷ್ಟು ಹೇಳಿ, “ಎಡಗಾಲಿಗೆ ಹಚ್ಚೇ ಇಲ್ವಲ್ಲ,” ಎಂದರು.

ಅದರ ಮುಂದಿನ ಬುಧವಾರ ತಿಮ್ಮೇಗೌಡರು ಒಳಗೆ ಬಂದು ಕೂತರು ಎಂದು ಪಾರ್ವತಮ್ಮ ಹೇಳಿದರು. ಹಳೆಯ ಸ್ನೇಹಿತರಂತೆ ಮಾತಾಡಿಕೊಂಡಿದ್ದರು ಎಂದರೆ ಸುಳ್ಳಾಗುತ್ತದೆ. ಅತ್ತೆ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ‘ಆವಯ್ಯ’ ಎನ್ನುತ್ತಿದ್ದರು. ಹುಣಸೆಮರ ಯಾರದೆಂಬುದು ಆಗಲೂ ಇತ್ಯರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಆದರೆ ಡಾಕ್ಟರು ನಡೆಸಲು ಹೇಳಿದಾಗ ಬುಧವಾರ ಅತ್ತೆಯ ವಾಕರಿನ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದವರು ತಿಮ್ಮೇಗೌಡರು. ಮಂಡಿನೋವಿನ ಮನುಷ್ಯ, ಅವರ ವೇಗ ಅತ್ತೆಗೆ ಸರಿಹೊಂದುತ್ತಿತ್ತು. ಬೇರೆಯವರು ಅವಸರ ಮಾಡುತ್ತಿದ್ದರು.

ಎಮ್ಮೆಗೆ ಎಳನೀರು ನಿಂತುಹೋಯಿತು.

ಶಿವರಾತ್ರಿ ಕಳೆದು ಬಿಸಿಲೇರಿತು. ಹೊಲಗಳು ಬರಿದಾದವು, ಬೆಟ್ಟದ ಬಂಡೆಗಳು ಸಂಜೆಯವರೆಗೆ ಬಿಸಿ ಉಗುಳುತ್ತಿದ್ದವು. ಫ್ಯಾಕ್ಟರಿಯಲ್ಲಿ ನನಗೆ ಬೇರೆ ಲೈನು ಕೊಟ್ಟರು, ಕಾಲರ್ ಹೊಲಿಯುವುದು. ರಾಜಣ್ಣ ಹುಳದ ಮನೆಯ ಮೆಟ್ಟಿಲು ಒಡೆಸಿ ಒರಟು ಕಲ್ಲು ಹಾಕಿಸಿದ. ಅತ್ತೆ ಅಲ್ಲಿಂದ ಮುಂದೆ ಹಲವು ವರ್ಷ ಬದುಕಿದ್ದು, ಆ ಮನೆಯಲ್ಲೇ, ಆ ಕಿಟಕಿಯ ಪಕ್ಕವೇ ತೀರಿಕೊಂಡರು. ಅದು ಬೇರೆ ಕಾಲದ ಮಾತು.

ಹರಕೆಯ ಅವಧಿ ಮುಗಿದದ್ದು ರಾಮನವಮಿಗೆ. ಭಜನೆ ಮನೆಗೆ ಮಾವಿನ ತೋರಣ ಕಟ್ಟಿ, ಪಾನಕ, ಮಜ್ಜಿಗೆ, ಕೋಸಂಬರಿ ಮಾಡಿದ್ದರು. ಅತ್ತೆ ವಾಕರ್ ಊರಿಕೊಂಡು, ನಡುನಡುವೆ ನಿಂತು, ಭಜನೆ ಮನೆಯವರೆಗೆ ನಡೆದೇ ಬಂದರು. ನಾನು ಹಿಂದೆ ಇದ್ದೆ. ಜಗಲಿಯ ಮೇಲಿನ ಕಂಬದ ಮೂಲೆಗೆ ಹತ್ತುವುದು ಅವರಿಂದ ಆಗುವಂತಿರಲಿಲ್ಲ, ಮೆಟ್ಟಿಲು ಎತ್ತರ. ಒಳಗಿನಿಂದ ಗುರುಸಿದ್ದಪ್ಪ ನೋಡಿದರು. ಹಾರ್ಮೋನಿಯಂ ಬಿಟ್ಟು ಎದ್ದು ಬಂದು, ಬಾಗಿಲ ನೇರಕ್ಕೆ ಬೀದಿಯಲ್ಲೇ ಒಂದು ಕುರ್ಚಿ ಹಾಕಿಸಿದರು. ಅಲ್ಲಿಂದ ರಾಮನ ಪಟ ನೇರವಾಗಿ ಕಾಣುತ್ತಿತ್ತು.

ಭಜನೆ ಆಯಿತು, ಮಂಗಳಾರತಿ ಆಯಿತು. ಗುರುಸಿದ್ದಪ್ಪ ಕೈಮುಗಿದುಕೊಂಡು, ಕಾರ್ತಿಕದಲ್ಲಿ ಹೊತ್ತ ಹರಕೆ ಇವತ್ತಿಗೆ ತೀರಿತು, ದೊಡ್ಡತಾಯಮ್ಮನವರು ತಮ್ಮ ಕಾಲ ಮೇಲೆ ತಾವೇ ನಡೆದು ಬಂದಿದ್ದಾರೆ, ಇದಕ್ಕಿಂತ ಏನು ಬೇಕು ಎಂದರು. ಎಲ್ಲರೂ ತೃಪ್ತಿಯಿಂದ ತಲೆದೂಗಿದರು. ಪಾನಕದ ಲೋಟಗಳು ಹೊರಟವು.

ಅತ್ತೆ ಲೋಟ ತೆಗೆದುಕೊಳ್ಳಲಿಲ್ಲ.

“ಮಂಗಳ ಹಾಡ್ಬುಟ್ರೆ ಮುಗೀತಾ?” ಎಂದರು. “ನಾಳೆ ನಿಂಗಮ್ಮನ ಮನೆಗೆ ಯಾರು ಹೋಗೋರು?”

ನಿಂಗಮ್ಮನಿಗೆ ಅಷ್ಟು ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ಅಷ್ಟು ದಿನ ನಮ್ಮ ಮನೆಗೆ ಬಂದವರೇ ಅಲ್ಲಿಗೂ ಹೋಗಿ ಬರುತ್ತಿದ್ದರು. ನಮ್ಮ ಮನೆಯ ಸರದಿ ನಿಂತರೆ ಅದೂ ನಿಲ್ಲುತ್ತದೆ ಎಂಬುದು ಯಾರ ತಲೆಗೂ ಬಂದಿರಲಿಲ್ಲ. ಬೇಸಿಗೆಯ ಉಳುಮೆ, ಮದುವೆ ಮುಂಜಿ, ಪ್ರತಿಯೊಬ್ಬರಿಗೂ ಏನಾದರೂ ಒಂದಿತ್ತು. ಒಬ್ಬರ ಮುಖ ಒಬ್ಬರು ನೋಡಿದರು.

ಒಳಗಿನ ಮೂಲೆಯಿಂದ ತಿಮ್ಮೇಗೌಡರು, “ನಾನು ಹೋಯ್ತೀನಿ,” ಎಂದರು.

“ನೀನೊಬ್ಬ ಹೋಗಿ ಏನ್ ಮಾಡೀಯ? ಕೂತ್ರೆ ಏಳಾಕಾಗಲ್ಲ ನಿಂಗೆ,” ಎಂದರು ಅತ್ತೆ. “ಹೆಂಗ್ಸಿನ ಮನೆ. ನಾನೂ ಬತ್ತೀನಿ, ಇರು.” ಆಮೇಲೆ ಪಾನಕದ ಲೋಟಕ್ಕೆ ಕೈ ಚಾಚಿದರು.

ಮರುದಿನ ಬೆಳಿಗ್ಗೆ ನಾನು ಮನೆ ಬಿಡುವಾಗ ಅತ್ತೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು. ನಾನು ಅರಳಿಕಟ್ಟೆಗೆ ಓಡಿದೆ. ಬಸ್ಸು ಎಂದಿನಂತೆ ಅಲ್ಲಿಂದ ಸ್ವಲ್ಪ ತಡವಾಗಿ ಹೊರಟಿತು, ಯಾರಾದರೊಬ್ಬಳು ಕೊನೆಗಳಿಗೆಯಲ್ಲಿ ಜಡೆ ಹಾಕಿಕೊಳ್ಳುತ್ತ ಓಡಿಬರುವುದು ಇದ್ದೇ ಇರುತ್ತಿತ್ತು. ಊರಾಚೆ ಹೋಗಲು ನಮ್ಮ ಬೀದಿಗೆ ತಿರುಗುತ್ತಿದ್ದಂತೆ ಡ್ರೈವರ್ ಬ್ರೇಕ್ ಹಾಕಿದ. ನಾನು ಮುಂದಿನ ಗಾಜಿನಿಂದ ನೋಡಿದೆ. ದಾರಿಯ ನಡುವೆ ಅತ್ತೆ ವಾಕರ್ ಎತ್ತಿ ಇಟ್ಟು, ಎತ್ತಿ ಇಟ್ಟು ಹೋಗುತ್ತಿದ್ದರು. ನಾಲ್ಕು ಹೆಜ್ಜೆ ಮುಂದೆ ತಿಮ್ಮೇಗೌಡರು, ಕೈಯಲ್ಲಿ ಗಂಜಿಯ ಡಬ್ಬಿ, ಆಗಾಗ ನಿಂತು ಹಿಂದೆ ನೋಡಿ ಮತ್ತೆ ನಡೆಯುತ್ತಿದ್ದರು. ಎರಡೂ ಕಡೆ ಚರಂಡಿ, ಬಸ್ಸು ದಾಟಲು ಜಾಗವಿಲ್ಲ.

ಡ್ರೈವರ್ ಹಾರನ್ನಿನ ಮೇಲೆ ಕೈಯಿಟ್ಟವನು ಒತ್ತಲಿಲ್ಲ.

“ಫ್ಯಾಕ್ಟ್ರಿ ಗೇಟ್ ಹಾಕ್ಬುಡ್ತಾರೆ ಕಣಣ್ಣ,” ಎಂದಿತು ಹಿಂದಿನ ಸೀಟಿನಿಂದ ಒಂದು ದನಿ.

“ಹಾಕ್ಲಿ ಬುಡು,” ಎಂದ ಅವನು.

ಬಸ್ಸು ಅವರಿಬ್ಬರ ಹಿಂದೆ ಮೊದಲನೇ ಗೇರಿನಲ್ಲಿ ತೆವಳಿತು. ಸಾಮಾನ್ಯವಾಗಿ ಆ ಹೊತ್ತಿಗೆ ಕೂಗಾಡುತ್ತಿದ್ದ ಹೆಂಗಸರೆಲ್ಲ ಕತ್ತು ಚಾಚಿ ಮುಂದಕ್ಕೆ ನೋಡುತ್ತಿದ್ದರು. ನಿಂಗಮ್ಮನ ಮನೆಯ ತಿರುವು ಬಂದಾಗ ತಿಮ್ಮೇಗೌಡರು ಪಕ್ಕಕ್ಕೆ ಸರಿದು ಬೇಲಿಗೆ ಅಡ್ಡ ಹಾಕಿದ್ದ ಬಿದಿರಿನ ಗಳು ತೆಗೆದರು. ಅತ್ತೆ ವಾಕರ್ ತಿರುಗಿಸಿ ಒಳಗೆ ಹೋದರು. ಬಸ್ಸಿನ ಕಡೆ ನೋಡಲೇ ಇಲ್ಲ.

ಅವತ್ತು ನಾವೆಲ್ಲ ತಡವಾಗಿ ಕೆಲಸಕ್ಕೆ ಸೇರಿದೆವು.